ಮೂರನೇ ಬೆಲ್ ಹೊಡೆದ್ಮೇಲೆ

ಈ ಸಲ ಬಂದಿರೋ ಪತ್ರ, ಮೆಸೇಜು ಎಲ್ಲಾ ಬೆಂಗಳೂರಿನ ನಾಟಕ, ಸಂಗೀತ ಕಚೇರಿ, ರಂಗಮಂದಿರದ ಬಗ್ಗೆನೇ. ನನಗೂ ಅದೇ ಬೇಕಿತ್ತು, ಯಾಕಂದ್ರೆ ಇಪ್ಪತ್ತು ಚಿಲ್ಲರೆ ವರ್ಷ ಹವ್ಯಾಸಿ ತಂಡಗಳಿಗೆ ಲೈಟಿಂಗ್ ಮಾಡ್ಕೊಂಡು ಈ ಊರಿನ ಹಾಲುಗಳ ಬೂತಿನಲ್ಲೇ ಸೊಳ್ಳೆ ಕಚ್ಚಿಸ್ಕೊಂಡು ಕೂತಿದ್ದವನು ನಾನು. ಒಂದೊಂದಾಗಿ ನೋಡೋಣ.

ಪ್ರಶ್ನೆ: ನಾನು ಅರಸೀಕೆರೆ ಕಡೆಯವಳು ಸಾರ್, ಎಲೆಕ್ಟ್ರಾನಿಕ್ ಸಿಟಿಲಿ ಕೆಲಸ. ಬಂದು ಎರಡು ವರ್ಷ ಆಯ್ತು, ಮಾಲು ಸಿನಿಮಾ ಬಿಟ್ರೆ ಏನೂ ನೋಡಿಲ್ಲ. ನಾಟಕ ನೋಡೋಕೆ ಆಸೆ, ಒಬ್ಳೇ ಹೋಗೋಕೆ ಮುಜುಗರ. ಎಲ್ಲಿಂದ ಶುರು ಮಾಡ್ಲಿ?

ಮುಜುಗರ ಯಾಕಮ್ಮ, ನಾಟಕಕ್ಕೆ ಒಬ್ಬೊಬ್ರೇ ಬರೋರು ಬೇಕಾದಷ್ಟು ಜನ ಇರ್ತಾರೆ. ಕತ್ತಲಾದ್ಮೇಲೆ ಪಕ್ಕದಲ್ಲಿ ಯಾರಿದ್ರೆ ಏನು. ಸೀದಾ ಜೆ.ಪಿ. ನಗರ ಎರಡನೇ ಹಂತದ ರಂಗಶಂಕರಕ್ಕೆ ಹೋಗಿ. ನಿಮ್ಮ ಕಡೆಯಿಂದ ಈಗ ಹಳದಿ ಮೆಟ್ರೋ ಬೇರೆ ಬಂದಿದೆ, ರಾಗಿಗುಡ್ಡದಲ್ಲಿ ಇಳಿದು ಆಟೋ ಹಿಡಿದ್ರೆ ಆಯ್ತು. ಸೋಮವಾರ ಒಂದು ಬಿಟ್ಟು ಮಿಕ್ಕ ದಿನ ಒಂದಲ್ಲ ಒಂದು ನಾಟಕ ಇದ್ದೇ ಇರುತ್ತೆ, ಕನ್ನಡ ಜಾಸ್ತಿ, ಜೊತೆಗೆ ಇಂಗ್ಲಿಷು ಹಿಂದಿನೂ ಇರುತ್ತೆ. ಭಾಷೆ ನೋಡ್ಕೊಂಡು ಬುಕ್ ಮಾಡಿ, ನಮ್ಮ ಅಳಿಯ ಒಂದ್ಸಲ ನೋಡದೆ ಮಾಡಿ ಗೊತ್ತಿಲ್ಲದ ಭಾಷೆ ನಾಟಕ ನೋಡಿ ಬಂದ, ಆದ್ರೆ ಇವತ್ತಿಗೂ ಅದನ್ನೇ ಹೊಗಳ್ತಾನೆ, ಅದು ಬೇರೆ ವಿಷ್ಯ.

ಯಾಕೆ ಅಲ್ಲಿಗೇ ಅಂದ್ರೆ ಅಲ್ಲಿ ಕೆಟ್ಟ ಸೀಟು ಅಂತ ಇಲ್ಲ. 300ಕ್ಕೆ ಸ್ವಲ್ಪ ಮೇಲೆ ಸೀಟಿದಾವೆ ಅಷ್ಟೇ, ಸ್ಟೇಜು ಜನರ ಮಧ್ಯಕ್ಕೆ ಚಾಚ್ಕೊಂಡಿದೆ, ಮೂರು ಕಡೆಯಿಂದ ಜನ ಕೂರ್ತಾರೆ, ಸಾಲುಗಳು ಕಡಿದಾಗಿ ಮೇಲಕ್ಕೆ ಏರ್ತವೆ. ಹಾಗಾಗಿ ಮುಂದಿನವರ ತಲೆ ಅಡ್ಡ ಬರಲ್ಲ. ಮೈಕ್ ಇಲ್ದೇನೇ ಕೊನೇ ಸಾಲಿಗೂ ಪಿಸುಮಾತು ಕೇಳುತ್ತೆ. ಶಂಕರ್ ನಾಗ್ 1990ರಲ್ಲಿ ಆಕ್ಸಿಡೆಂಟಲ್ಲಿ ಹೋದ್ರಲ್ಲ, ಅವರ ನೆನಪಲ್ಲಿ ಅರುಂಧತಿ ನಾಗ್ ಅವರು ಟ್ರಸ್ಟ್ ಮಾಡಿ, ವರ್ಷಗಟ್ಟಲೆ ಅವರಿವರ ಬಾಗಿಲು ತಟ್ಟಿ ದುಡ್ಡು ಕೂಡಿಸಿ 2004ರಲ್ಲಿ ಬಾಗಿಲು ತೆಗೆದ್ರು. ಕಟ್ಟೋವಾಗ ನಾಟಕದವರನ್ನ ಕೇಳಿ ಕಟ್ಟಿದಾರೆ ಅನ್ನೋದು ಒಳಗೆ ಕಾಲಿಟ್ರೇನೇ ಗೊತ್ತಾಗುತ್ತೆ. ಅರ್ಧ ಗಂಟೆ ಮುಂಚೆ ಹೋಗಿ, ಕೆಳಗಡೆ ಕೆಫೆಲಿ ಏನಾದ್ರೂ ತಿಂದು ಕಾಫಿ ಕುಡೀರಿ. ನಾಟಕ ಚೆನ್ನಾಗಿಲ್ದಿದ್ರೂ ತಿಂಡಿಯಂತೂ ನಷ್ಟ ಇಲ್ಲ.

ಪ್ರಶ್ನೆ: ಅದೇ ರಂಗಶಂಕರದ ಬಗ್ಗೆ ನನ್ನ ತಕರಾರು. ಸರ್ಜಾಪುರ ರೋಡಿಂದ ನಾನು ನಮ್ಮೆಜಮಾನ್ರು ಎರಡು ಗಂಟೆ ಮುಂಚೆ ಹೊರಟ್ವಿ, ಸಿಲ್ಕ್ ಬೋರ್ಡಲ್ಲಿ ಸಿಕ್ಕಾಕೊಂಡು ಏಳು ನಿಮಿಷ ಲೇಟಾಯ್ತು. ಒಳಗೇ ಬಿಡ್ಲಿಲ್ಲ. ದುಡ್ಡು ಕೊಟ್ಟಿರೋರನ್ನ ಹೊರಗೆ ನಿಲ್ಸೋದು ದುರಹಂಕಾರ ಅಲ್ವಾ?

ಹೊಟ್ಟೆ ಉರಿಯೋದು ಸಹಜ, ನನ್ನನ್ನೂ ಒಂದ್ಸಲ ಹೊರಗೆ ನಿಲ್ಸಿದಾರೆ. ಆದ್ರೂ ನಾನು ಅವರ ಪಾರ್ಟಿನೇ. ಲೇಟಾಗಿ ಬಂದ್ರೆ ಪ್ರವೇಶ ಇಲ್ಲ ಅನ್ನೋದು ಅಲ್ಲಿ ಶುರುವಿಂದ ಇರೋ ನಿಯಮ, ದೊಡ್ಡೋರು ಚಿಕ್ಕೋರು ಅಂತ ನೋಡಲ್ಲ.

ಒಂದು ದೃಶ್ಯ ಹೇಳ್ತೀನಿ ಕೇಳಿ. ಬೇರೊಂದು ಹಾಲು, ಹೆಸರು ಬೇಡ. ನಾಟಕ ಶುರುವಾಗೋದೇ ಪೂರ್ತಿ ಕತ್ತಲಲ್ಲಿ, ಒಬ್ಬಳು ಮುದುಕಿ ಲಾಂದ್ರ ಹಿಡ್ಕೊಂಡು ಬರ್ಬೇಕು. ಆ ಲಾಂದ್ರದ ಬೆಳಕಷ್ಟೇ, ಅದಕ್ಕೆ ನಾನು ಬೂತಿಂದ ಒಂದೇ ಒಂದು ಸ್ಪಾಟನ್ನ ಶೇಕಡಾ ಹತ್ತರಷ್ಟು ಎತ್ತಿ ಅವಳ ಹೆಜ್ಜೆಗೆ ಸರಿಯಾಗಿ ಬಿಟ್ಕೊಂಡು ಹೋಗ್ಬೇಕು. ಇದಕ್ಕೇ ಅಂತ ಮೂರು ಸಂಜೆ ತಾಲೀಮು ಮಾಡಿದ್ವಿ. ಅವಳು ವಿಂಗಿಂದ ಕಾಲು ಹೊರಗಿಟ್ಟಳು, ಅಷ್ಟರಲ್ಲಿ ಹಿಂದಿನ ಬಾಗಿಲು ತೆಗೀತು, ಹೊರಗಿನ ಟ್ಯೂಬ್‌ಲೈಟ್ ಸೀದಾ ಸ್ಟೇಜಿನ ಮೇಲೆ! ಒಂದು ಫ್ಯಾಮಿಲಿ, ಮೊಬೈಲ್ ಟಾರ್ಚ್ ಹಾಕ್ಕೊಂಡು ಸೀಟ್ ನಂಬರ್ ಹುಡುಕ್ತಾ, "ಅಲ್ಲಲ್ಲ, ಆ ಕಡೆ, ಸ್ವಲ್ಪ ಸರೀರಿ" ಅಂತ. ಮುದುಕಿ ಪಾತ್ರದ ಹುಡುಗಿ ಅಲ್ಲೇ ನಿಂತ್ಬಿಟ್ಳು ಪಾಪ. ಜನ ನಕ್ರು. ಆಮೇಲೆ ಒಂದೂವರೆ ಗಂಟೆ ನಾಟಕ ನಡೀತು, ಆದ್ರೆ ಒಡೆದಿದ್ದು ಕೂಡ್ಲಿಲ್ಲ. ನಿಮ್ಮ ಎರಡು ಟಿಕೆಟ್ ದುಡ್ಡು ಹೋಗಿದ್ದಕ್ಕೆ ಬೇಜಾರಿದೆ, ಆದ್ರೆ ಒಳಗೆ ಮುನ್ನೂರು ಜನ ಟೈಮಿಗೆ ಬಂದು ಕೂತಿರ್ತಾರಲ್ಲ, ಅವರೂ ದುಡ್ಡು ಕೊಟ್ಟೋರೇ. ಸರ್ಜಾಪುರ ರೋಡಿಂದ ಬರೋದಾದ್ರೆ ಶನಿವಾರ ಭಾನುವಾರ ಮಧ್ಯಾಹ್ನದ ಶೋ ಇದ್ಯಾ ನೋಡ್ಕೊಳಿ, ಅಷ್ಟು ಟ್ರಾಫಿಕ್ ಇರಲ್ಲ.

ಪ್ರಶ್ನೆ: ರವೀಂದ್ರ ಕಲಾಕ್ಷೇತ್ರ ನಮ್ಮದು, ಹೆಸರು ಮಾತ್ರ ಬಂಗಾಳದ ಠಾಗೋರರದ್ದು ಯಾಕೆ? ಕನ್ನಡದೋರ ಹೆಸರು ಸಿಗ್ಲಿಲ್ವಾ? (ರಾಜಾಜಿನಗರ)

1961ಕ್ಕೆ ಠಾಗೋರರು ಹುಟ್ಟಿ ನೂರು ವರ್ಷ. ಅದರ ನೆನಪಿಗೆ ದೇಶದ ಬೇರೆ ಬೇರೆ ಊರಲ್ಲಿ ರಂಗಮಂದಿರ ಕಟ್ಟಿದ್ರು, ನಮ್ಮದು ಜೆ.ಸಿ. ರೋಡಲ್ಲಿ ಎದ್ದು 1963ರಲ್ಲಿ ಶುರುವಾಯ್ತು. ಕನ್ನಡದ ಹೆಸರು ಬೇಕು ಅಂದ್ರೆ ಕಟ್ಟಡ ಸುತ್ಕೊಂಡು ಹಿಂದಕ್ಕೆ ಹೋಗಿ, ಅಲ್ಲಿರೋ ಬಯಲು ರಂಗಮಂದಿರಕ್ಕೆ ನಾಟಕಕಾರ ಸಂಸರ ಹೆಸರೇ ಇಟ್ಟಿದಾರೆ. 1970ರ ದಶಕದ ಶುರುವಲ್ಲಿ ನಿರ್ದೇಶಕ ಬಿ.ವಿ. ಕಾರಂತರು ದೊಡ್ಡ ಹಾಲು ಬಿಟ್ಟು ಹಿಂದಿನ ಬಯಲಲ್ಲಿ ನಾಟಕ ಆಡ್ಸಿದ್ದು ಆಮೇಲಿನ ಕನ್ನಡ ನಾಟಕದ ದಾರಿನೇ ತಿರುಗಿಸ್ತು ಅಂತ ಹಳಬರು ಈಗಲೂ ಹೇಳ್ತಾರೆ. ಒಳಗೆ 800ಕ್ಕೂ ಮೇಲೆ ಸೀಟು, ಬಾಲ್ಕನಿ, ಪರದೆ, ಎಲ್ಲಾ ಇತ್ತಲ್ಲ, ಬಿಟ್ಟು ಹೊರಗೆ ಯಾಕೆ ಹೋದ್ರು? ಹೋಗಿ ಅಲ್ಲಿ ಕಲ್ಲಿನ ಮೆಟ್ಟಿಲ ಮೇಲೆ ಕೂತು ಒಂದು ನಾಟಕ ನೋಡಿ, ಗೊತ್ತಾಗುತ್ತೆ. ಜೆ.ಸಿ. ರೋಡಿನ ಹಾರ್ನು ಒಂದು ಸಹಿಸ್ಕೋಬೇಕು. ಮಳೆ ಬಂದ್ರೆ ಓಡ್ಬೇಕು.

ಪ್ರಶ್ನೆ: ನಮ್ಮದು ಬ್ಯಾಂಕ್ ನೌಕರರ ತಂಡ, ಹದಿನಾಲ್ಕು ಜನ. ರಾಜ್ಯೋತ್ಸವಕ್ಕೆ ಒಂದು ನಾಟಕ ಆಡೋ ಪ್ಲಾನು. ಕಲಾಕ್ಷೇತ್ರದಲ್ಲೇ ಆಡ್ಬೇಕು ಅಂತ ನಮ್ಮ ಸೆಕ್ರೆಟರಿ ಹಠ. ನೀವೇನಂತೀರ?

ಸೆಕ್ರೆಟರಿಗಳು ಹಾಗೇ. ಎಷ್ಟು ಜನ ಬರ್ತಾರೆ ನೋಡೋಕೆ? ಮನೆಯವರು, ಬ್ರಾಂಚಿನವರು ಎಲ್ಲಾ ಸೇರಿ ನೂರೈವತ್ತು ಅನ್ಕೊಳ್ಳಿ. ಆ ನೂರೈವತ್ತು ಜನ ಕಲಾಕ್ಷೇತ್ರದಲ್ಲಿ ಅಲ್ಲೊಬ್ರು ಇಲ್ಲೊಬ್ರು ಕೂತ್ರೆ ಹಬ್ಬ ಮುಗಿದ ಮಾರನೇ ದಿನದ ಮಂಟಪ ಇದ್ದಂಗಿರುತ್ತೆ. ಜೋಕು ಹೊಡೆದ್ರೆ ನಗು ಒಬ್ಬರಿಂದ ಇನ್ನೊಬ್ಬರಿಗೆ ಹತ್ಕೊಳ್ಳಲ್ಲ. ನಟರಿಗೆ ಎದುರಿಗೆ ಬರೀ ಖಾಲಿ ಕುರ್ಚಿ ಕಾಣುತ್ತೆ. ಅಷ್ಟು ದೊಡ್ಡ ಸ್ಟೇಜ್ ತುಂಬ್ಸೋಕೆ ರಂಗಸಜ್ಜಿಕೆಗೇ ನಿಮ್ಮ ಬಜೆಟ್ ಮುಗಿದೋಗುತ್ತೆ.

ಅಲ್ಲೇ ಪಕ್ಕದಲ್ಲಿ ಕನ್ನಡ ಭವನದೊಳಗೆ ನಯನ ಸಭಾಂಗಣ ಇದೆ, ಚಿಕ್ಕದು, ನಿಮಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ. ಹನುಮಂತನಗರದಲ್ಲಿ ಕೆ.ಎಚ್. ಕಲಾಸೌಧ ಇದೆ, ಜಯನಗರ ನ್ಯಾಷನಲ್ ಕಾಲೇಜಲ್ಲಿ ಎಚ್.ಎನ್. ಕಲಾಕ್ಷೇತ್ರ ಇದೆ, ಆ ಕಡೆ ಮಲ್ಲತ್ತಹಳ್ಳಿಲಿ ಕಲಾಗ್ರಾಮ. ಕಲಾಗ್ರಾಮದಲ್ಲಿ ಜಾಗ ಚೆನ್ನಾಗಿದೆ, ಆದ್ರೆ ರಾತ್ರಿ ನಾಟಕ ಮುಗಿದ್ಮೇಲೆ ಜನ ವಾಪಸ್ ಹೋಗೋದು ಹೆಂಗೆ ಅಂತ ಮೊದಲೇ ಯೋಚ್ನೆ ಮಾಡಿ, ಜ್ಞಾನಭಾರತಿ ಮೆಟ್ರೋವರೆಗೆ ಬಿಡೋಕೆ ಒಂದು ಟೆಂಪೋ ಟ್ರಾವೆಲರ್ ಮಾಡ್ಕೊಳ್ಳಿ.

ಯಾವ ಹಾಲೇ ಆಗ್ಲಿ ಅಡ್ವಾನ್ಸ್ ಕೊಡೋ ಮುಂಚೆ ನಿಮ್ಮ ಲೈಟಿನೋನ್ನ ಕರ್ಕೊಂಡು ಹೋಗಿ. ಕುರ್ಚಿ, ಎಸಿ ಆಮೇಲೆ ನೋಡಿ. ಮೊದಲು ಸ್ಟೇಜ್ ಮೇಲೆ ನಿಂತು ಚಪ್ಪಾಳೆ ತಟ್ಟಿ, ವಾಪಸ್ ಎರಡು ಚಪ್ಪಾಳೆ ಕೇಳಿದ್ರೆ ಆ ಹಾಲಲ್ಲಿ ಮಾತು ಕಲಸಿ ಹೋಗುತ್ತೆ. ಎಷ್ಟು ಡಿಮ್ಮರ್ (ಲೈಟಿನ ಬೆಳಕು ಏರಿಸಿ ಇಳಿಸೋ ಸಾಧನ) ಇದೆ ಅಂತ ಕೇಳ್ಬೇಡಿ, ಎಷ್ಟು ಕೆಲಸ ಮಾಡುತ್ತೆ ಅಂತ ಕೇಳಿ. ನಾನೊಂದು ಕಡೆ ಹನ್ನೆರಡಿದೆ ಅಂತ ನಂಬ್ಕೊಂಡು ಹೋಗಿ ನಾಲ್ಕರಲ್ಲಿ ಇಡೀ ನಾಟಕ ಮುಗಿಸಿದೀನಿ, ಅದರಲ್ಲೊಂದು ಮಧ್ಯದಲ್ಲಿ ಕಣ್ಣು ಹೊಡೀತಿತ್ತು. ಜನರೇಟರ್ ಇದ್ಯಾ ಅಂದ್ರೆ "ಇದೆ ಸಾರ್" ಅಂದ್ರು. ಕರೆಂಟ್ ಹೋಯ್ತು. ಓಡಿ ಹೋದ್ರೆ, "ಡೀಸೆಲ್ ಪಾರ್ಟಿಯವರೇ ತರ್ಬೇಕು ಸಾರ್." ಆವತ್ತಿನ ಕೊನೇ ದೃಶ್ಯ ನಡೆದಿದ್ದು ಸಭಿಕರ ಮೊಬೈಲ್ ಬೆಳಕಲ್ಲಿ. ಪೇಪರ್‌ನಲ್ಲಿ ವಿಮರ್ಶೆ ಬರೆದೋರು "ದಿಟ್ಟ ಬೆಳಕಿನ ವಿನ್ಯಾಸ" ಅಂತ ಹೊಗಳಿದ್ರು, ನಾನು ಸುಮ್ನಿದ್ದೆ.

ಪ್ರಶ್ನೆ: ಊರಿಂದ ನಮ್ಮಪ್ಪ ಬಂದಿದಾರೆ, 76 ವಯಸ್ಸು. ಹೊಸ ನಾಟಕ ತೋರ್ಸಿದೆ, "ಇದರಲ್ಲಿ ಒಂದು ಕಂದ ಪದ್ಯನೂ ಇಲ್ವಲ್ಲೋ" ಅಂತ ಮುಖ ಸಣ್ಣ ಮಾಡ್ಕೊಂಡ್ರು. ಬೆಂಗಳೂರಲ್ಲಿ ಪೌರಾಣಿಕ ನಾಟಕ ಈಗಲೂ ನಡಿಯುತ್ತಾ?

ನಡಿಯುತ್ತಾ ಅಂದ್ರೆ! ಕಲಾಕ್ಷೇತ್ರದ ಮುಂದೆ ಒಂದು ಭಾನುವಾರ ಹೋಗಿ ನೋಡಿ, ಫ್ಲೆಕ್ಸ್ ಮೇಲೆ ಗದೆ ಹಿಡಿದ ದುರ್ಯೋಧನ ನಿಂತಿರ್ತಾನೆ, ಕೆಳಗಡೆ ಪಾತ್ರಧಾರಿಗಳ ಪಾಸ್‌ಪೋರ್ಟ್ ಸೈಜ್ ಫೋಟೋ. ಕುರುಕ್ಷೇತ್ರ. ಬೆಂಗಳೂರು ಸುತ್ತಮುತ್ತ, ತುಮಕೂರು, ರಾಮನಗರ ಕಡೆಯೋರು ಸೇರಿ ಆಡೋದು. ಇಲ್ಲಿ ಪಾತ್ರಕ್ಕೆ ಸಂಭಾವನೆ ಕೊಡಲ್ಲ, ಪಾತ್ರ ಮಾಡೋನೇ ದುಡ್ಡು ಕಟ್ಬೇಕು! ಕೃಷ್ಣ, ದುರ್ಯೋಧನಂಗೆ ರೇಟು ಜಾಸ್ತಿ, ಸೈನಿಕಂಗೆ ಕಮ್ಮಿ. ಕೇಳೋರು ಜಾಸ್ತಿ ಆದ್ರೆ ಒಂದೇ ಪಾತ್ರನ ಹಂಚ್ತಾರೆ, ಒಂದನೇ ಕೃಷ್ಣ ಎರಡನೇ ಕೃಷ್ಣ ಅಂತ. ದ್ರೌಪದಿ ಪಾತ್ರಕ್ಕೆ ಮಾತ್ರ ವೃತ್ತಿ ಕಲಾವಿದೆಯರನ್ನ ಕರೆಸಿ ದುಡ್ಡು ಕೊಡ್ತಾರೆ.

ಹಾರ್ಮೋನಿಯಂ ಮೇಷ್ಟ್ರು ಸ್ಟೇಜಿನ ಮುಂದೇನೇ ಕೂತಿರ್ತಾರೆ, ತಿಂಗಳುಗಟ್ಟಲೆ ಹಾಡು ಕಲಿಸಿದೋರು ಅವರೇ. ಶ್ರುತಿ ಬಿಟ್ಟ ಕೂಡ್ಲೇ ಅವರ ಮುಖ ನೋಡ್ಬೇಕು ನೀವು. ಆಟೋ ಓಡ್ಸೋ ಭೀಮ, ರಿಯಲ್ ಎಸ್ಟೇಟ್ ಮಾಡೋ ಶಕುನಿ, ರಿಟೈರ್ಡ್ ಕಂಡಕ್ಟರ್ ಧರ್ಮರಾಯ, ಇವರೆಲ್ಲ ಕಿರೀಟ ಇಟ್ಟು ನಿಂತ್ಕೊಂಡಾಗ ಊರೋರು ಎದ್ದು ಹೋಗಿ ನೋಟಿನ ಹಾರ ಹಾಕಿ ಬರ್ತಾರೆ, ಯುದ್ಧ ಅಲ್ಲಿವರೆಗೂ ಕಾಯುತ್ತೆ. ಒನ್ಸ್ ಮೋರ್ ಅಂದ್ರೆ ಪದ್ಯ ಮತ್ತೆ ಹಾಡ್ಬೇಕು. ಇಲ್ಲಿ ಬಾಗಿಲು ಮುಚ್ಚೋ ಪ್ರಶ್ನೆನೇ ಇಲ್ಲ, ಮಧ್ಯೆ ಎದ್ದು ಹೋಗಿ ಟೀ ಕುಡಿದು ಬನ್ನಿ, ಪಾಂಡವರು ಇನ್ನೂ ಅಲ್ಲೇ ಇರ್ತಾರೆ. ಈಗ ತಾನೇ ರಂಗಶಂಕರದ ಬಾಗಿಲನ್ನ ಸಮರ್ಥಿಸ್ಕೊಂಡೋನು ಇದನ್ನೂ ಹೊಗಳ್ತಾನಲ್ಲ ಅಂತ ನಗ್ಬೇಡಿ, ಅದರ ಪಾಡು ಅದಕ್ಕೆ ಇದರ ಪಾಡು ಇದಕ್ಕೆ. ಅಲ್ಲಿ ಪಿಸುಮಾತು, ಇಲ್ಲಿ ಗದೆ. ಪಿಸುಮಾತಿನ ನಾಟಕ ತಂದು ಕಲಾಕ್ಷೇತ್ರದಲ್ಲಿ ಇಟ್ರೆ ಸತ್ತೋಗುತ್ತೆ, ದುರ್ಯೋಧನನ್ನ ರಂಗಶಂಕರಕ್ಕೆ ತಂದ್ರೆ ಮುಂದಿನ ಸಾಲಿನೋರ ಕಿವಿ ಹೋಗುತ್ತೆ. ಅಪ್ಪನ್ನ ಕರ್ಕೊಂಡು ಹೋಗಿ. ಬೆಳಿಗ್ಗೆಯಿಂದಾನೇ ಶುರು ಮಾಡೋ ತಂಡನೂ ಇರ್ತವೆ, ಟೈಮು ಕೇಳ್ಕೊಳ್ಳಿ.

ಪ್ರಶ್ನೆ: ಚೌಡಯ್ಯ ಹಾಲು ಪಿಟೀಲಿನ ಆಕಾರದಲ್ಲಿದೆ ಸರಿ, ಆದ್ರೆ ತಂತಿ ಎಣಿಸಿದ್ರೆ ನಾಲ್ಕಲ್ಲ, ಏಳು. ಕಟ್ಟಿದೋರು ತಪ್ಪು ಮಾಡಿದ್ರಾ? (ಏಳನೇ ಕ್ಲಾಸಿನ ಹುಡುಗ, ಮಲ್ಲೇಶ್ವರ)

ಶಭಾಷ್ ಮರಿ, ಎಣಿಸಿದ್ಯಲ್ಲ. ತಪ್ಪಲ್ಲ. ಮೈಸೂರಿನ ಟಿ. ಚೌಡಯ್ಯನವರು ನುಡಿಸ್ತಿದ್ದಿದ್ದೇ ಏಳು ತಂತಿ ಪಿಟೀಲು. ಆಗ ಕಚೇರಿಗಳಲ್ಲಿ ಮೈಕ್ ಇರ್ಲಿಲ್ಲ, ಹಿಂದೆ ಕೂತೋರಿಗೆ ಪಿಟೀಲು ಸರಿಯಾಗಿ ಕೇಳ್ತಿರ್ಲಿಲ್ಲ, ಅದಕ್ಕೆ ನಾದ ದೊಡ್ಡದಾಗ್ಲಿ ಅಂತ ಮೂರು ತಂತಿ ಜಾಸ್ತಿ ಹಾಕ್ಕೊಂಡ್ರು. ಅವರು 1967ರಲ್ಲಿ ತೀರ್ಕೊಂಡ್ರು, ಕೆ.ಕೆ. ಮೂರ್ತಿ ಅನ್ನೋ ಅಭಿಮಾನಿ ಮುಂದೆ ನಿಂತು ಕಟ್ಟಿಸಿದ ಈ ಹಾಲು 1980ರಲ್ಲಿ ಶುರುವಾಯ್ತು. ಕುದುರೆ, ಬಿರಡೆ, ಕಮಾನು ಎಲ್ಲಾ ಇದೆ, ಮುಂದಿನ ಸಲ ಹೋದಾಗ ಬಿರಡೆನೂ ಎಣಿಸು.

ಪ್ರಶ್ನೆ: ರಿಟೈರ್ ಆಗಿದೀನಿ, ಸಂಜೆ ಹೊತ್ತು ಹೋಗೋಲ್ಲ. ಖರ್ಚಿಲ್ದೆ ಸಂಗೀತ ಕೇಳೋ ಜಾಗ ಹೇಳಿ. (ತ್ಯಾಗರಾಜನಗರ)

ನಿಮಗೆ ಅಲ್ಲೇ ಹತ್ರ ಬಸವನಗುಡಿ ಬಿ.ಪಿ. ವಾಡಿಯಾ ರಸ್ತೆಲಿ ವರ್ಲ್ಡ್ ಕಲ್ಚರ್ ಸಂಸ್ಥೆ, 1945ರಿಂದ ಇದೆ. ಕೆ.ಆರ್. ರೋಡಲ್ಲಿ ಗಾಯನ ಸಮಾಜ, ಅದು ಇನ್ನೂ ಹಳೇದು, 1905. ಸಮಾಜದಲ್ಲಿ ಕೆಲವಕ್ಕೆ ಸದಸ್ಯತ್ವನೋ ಟಿಕೆಟ್ಟೋ ಬೇಕು, ಗೇಟಲ್ಲಿ ಕೇಳಿ. ರಾಮನವಮಿ ಬಂತು ಅಂದ್ರೆ ಚಾಮರಾಜಪೇಟೆ ಫೋರ್ಟ್ ಹೈಸ್ಕೂಲ್ ಮೈದಾನದ ಸಂಗೀತೋತ್ಸವದ ಪೆಂಡಾಲು ಇದ್ದೇ ಇದೆ. ಒಳಗೆ ಕೂರೋಕೆ ಟಿಕೆಟ್, ಆದ್ರೆ ಬೇಲಿ ಆಚೆ ಫುಟ್‌ಪಾತ್ ಮೇಲೆ ಪೇಪರ್ ಹಾಸ್ಕೊಂಡು ಕೇಳೋರದ್ದೇ ಒಂದು ಪರಂಪರೆ. ನಾನೂ ಹಂಗೇ ಕೇಳಿದೋನು.

ಪ್ರಶ್ನೆ: ನಾಟಕ ಮುಗಿದ ಮೇಲೆ ಒಳಗೆ ಹೋಗಿ ನಟರನ್ನ ಮಾತಾಡಿಸ್ಬಹುದಾ? ಬೇಜಾರು ಮಾಡ್ಕೊಳ್ತಾರಾ?

ಬೇಜಾರಾ! ಯಾರಾದ್ರೂ ಬರ್ತಾರಾ ಅಂತ ಬಾಗಿಲು ನೋಡ್ತಿರ್ತಾರೆ. ಆದ್ರೆ ತಕ್ಷಣ ಗ್ರೀನ್ ರೂಮಿಗೆ ನುಗ್ಬೇಡಿ, ಹತ್ತು ನಿಮಿಷ ಹೊರಗೆ ಮೆಟ್ಟಿಲ ಮೇಲೆ ನಿಂತಿರಿ. ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸ್ಕೊಂಡು, ಕಿವಿ ಹಿಂದೆ ಮಾತ್ರ ಇನ್ನೂ ಹಾಗೇ ಉಳಿಸ್ಕೊಂಡು, ಹೆಲ್ಮೆಟ್ ಕೈಲಿ ಹಿಡ್ಕೊಂಡು ಈಚೆ ಬರ್ತಾರಲ್ಲ, ಆಗ ಮಾತಾಡಿಸಿ. ಕಾಫಿ ಕೊಡ್ಸಿದ್ರೆ ಬೇಡ ಅನ್ನಲ್ಲ. ಬೂತಲ್ಲಿರೋನಿಗೂ ಒಂದು ಕೊಡ್ಸಿ, ಅವನು ಕೇಬಲ್ ಸುತ್ತಿಟ್ಟು ಬರೋಷ್ಟರಲ್ಲಿ ಕ್ಯಾಂಟೀನ್ ಮುಚ್ಚಿರುತ್ತೆ.