ಕೈತೋಟದ ಪ್ರಶ್ನೋತ್ತರ: ಕೊಡಗಿನ ನೆರಳಿನಲ್ಲಿ ಫ್ಯೂಷಿಯಾ

ಪ್ರಶ್ನೆ: ಫ್ಯೂಷಿಯಾ ಹೂಗಿಡಕ್ಕೆ ನೆರಳು ಬೇಕೆಂದು ಕೇಳಿ, ಹಿತ್ತಲಿನ ಬೆಣ್ಣೆಹಣ್ಣಿನ ಮರದಡಿ ನಾಲ್ಕು ಕುಂಡಗಳನ್ನು ಇಟ್ಟಿದ್ದೆವು. ಮೇ ತಿಂಗಳವರೆಗೆ ಚೆನ್ನಾಗಿದ್ದ ಗಿಡಗಳು ಜುಲೈಯಲ್ಲಿ ಬುಡದಿಂದಲೇ ಕಪ್ಪಾಗಿ ಸತ್ತವು. ನೆರಳು ಸಾಲದಾಯಿತೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ನೆರಳಿಗೆ ಕೊರತೆಯೇನೂ ಆಗಿರಲಾರದು, ನೆರಳು ಕೊಟ್ಟ ಮರವೇ ಹಗಲಿರುಳು ನೀರು ತೊಟ್ಟಿಕ್ಕಿಸಿ ಬೇರು ಕೊಳೆಸಿರುವ ಸಂಭವವೇ ಹೆಚ್ಚು. ಫ್ಯೂಷಿಯಾದ ಬಹುತೇಕ ಪ್ರಭೇದಗಳು ಮಧ್ಯ ಮತ್ತು ದಕ್ಷಿಣ ಅಮೆರಿಕದ ತಂಪು ಬೆಟ್ಟಕಾಡುಗಳಿಗೆ ಸೇರಿದವು. ಮಂಜು, ತೇವದ ಗಾಳಿ, ಎಲೆ ಕೊಳೆತು ಸಡಿಲವಾದ ಮಣ್ಣು ಇವೆಲ್ಲ ಅದಕ್ಕೆ ಒಗ್ಗುತ್ತವೆಯಾದ್ದರಿಂದ, ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವ ನಿಮ್ಮ ಊರು ಈ ಗಿಡಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಬೇರಿನ ಸುತ್ತ ನಿಂತ ನೀರನ್ನು ಅದು ಸಹಿಸುವುದಿಲ್ಲ. ಮಳೆ ನಿಂತ ಮೇಲೂ ಮರದ ಹನಿ ನಿಲ್ಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಥ ಜಾಗದಲ್ಲಿ ಕುಂಡದ ಮಣ್ಣು ಒಂದು ದಿನವೂ ಆರುವುದಿಲ್ಲ.

ಆದ್ದರಿಂದ ಕೊಡಗಿನಲ್ಲಿ ಫ್ಯೂಷಿಯಾಕ್ಕೆ ಮರದ ನೆರಳಿಗಿಂತ ಮಾಡಿನ ನೆರಳು ಲೇಸು. ಪೂರ್ವಕ್ಕೆ ಮುಖ ಮಾಡಿದ ಜಗಲಿಯಿದ್ದರೆ ಬೇರೆ ಜಾಗ ಹುಡುಕಬೇಡಿ: ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಸಿಗುತ್ತದೆ, ಮಧ್ಯಾಹ್ನದ ಬಿಸಿಲು ತಾಗುವುದಿಲ್ಲ, ಮುಂಗಾರಿನ ಎರಚಲು ಹೆಚ್ಚಾಗಿ ಪಶ್ಚಿಮ ಮತ್ತು ನೈಋತ್ಯದ ಕಡೆಯಿಂದ ಬರುವುದರಿಂದ ಮನೆಯ ಗೋಡೆಯೇ ಅಡ್ಡವಾಗುತ್ತದೆ. ಸೂರಿನ ನೀರು ನೇರವಾಗಿ ಕುಂಡಕ್ಕೆ ಬೀಳದಂತೆ ಒಂದಡಿ ಒಳಗಿಡಿ. ನೆರಳೆಂದರೆ ಕತ್ತಲೆ ಎಂದೂ ತಿಳಿಯಬಾರದು. ನಡುಹಗಲಿನಲ್ಲಿ ಚಾಚಿದ ಕೈಯ ನೆರಳು ನೆಲದ ಮೇಲೆ ಮಸುಕಾಗಿಯಾದರೂ ಮೂಡುವಷ್ಟು ಬೆಳಕಿಲ್ಲದ ಮೂಲೆಯಲ್ಲಿ ಗಿಡ ಎಲೆ ಬಿಡುತ್ತದೆಯೇ ಹೊರತು ಹೂವಾಗುವುದಿಲ್ಲ.

ಅಂಗಳದ ಕೆಂಪು ಮಣ್ಣನ್ನೇ ಕುಂಡಕ್ಕೆ ತುಂಬಿದರೆ ನೀರು ಬಿದ್ದು ಬಿದ್ದು ಗಟ್ಟಿಯಾಗುತ್ತದೆ. ಎರಡು ಪಾಲು ಕಾಡುಮಣ್ಣಿಗೆ ಒಂದು ಪಾಲು ಹೊಳೆಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಸಾಕು. ಕಾಫಿ ಸಿಪ್ಪೆಯ ಗೊಬ್ಬರವೂ ಆಗಬಹುದು, ಆದರೆ ಅದು ಪೂರ್ತಿ ಕಳಿತಿರಬೇಕು. ಮಳೆಗಾಲದಲ್ಲಿ ಕುಂಡದಡಿಯ ತಟ್ಟೆಗಳನ್ನು ತೆಗೆದು, ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಎತ್ತಿಡಿ.

ಪ್ರಶ್ನೆ: ಜನವರಿಯಲ್ಲಿ ಮೈತುಂಬ ಹೂ ಬಿಟ್ಟಿದ್ದ ನಮ್ಮ ಗಿಡ ಮಾರ್ಚ್‌ನಿಂದ ಮೊಗ್ಗು ಉದುರಿಸುತ್ತಿದೆ. ದಿನಕ್ಕೆ ಎರಡು ಬಾರಿ ನೀರು ಹಾಕಿದರೂ ಮಧ್ಯಾಹ್ನ ಎಲೆ ಜೋತು ಬೀಳುತ್ತದೆ.
– ಓದುಗರೊಬ್ಬರು, ಕುಶಾಲನಗರ

ಉತ್ತರ: ಮೊದಲು ಆ ಎರಡನೆಯ ಬಾರಿಯ ನೀರನ್ನು ನಿಲ್ಲಿಸಿ. ಸೆಖೆ ಹೆಚ್ಚಾದಾಗ ಮಣ್ಣು ತೇವವಿದ್ದರೂ ಫ್ಯೂಷಿಯಾದ ಎಲೆಗಳು ಬಾಡುತ್ತವೆ. ಬೇರು ಎಳೆದುಕೊಳ್ಳುವುದಕ್ಕಿಂತ ವೇಗವಾಗಿ ಎಲೆಯಿಂದ ನೀರು ಆವಿಯಾಗುವುದೇ ಇದಕ್ಕೆ ಕಾರಣ. ಬೆರಳಿನಿಂದ ಮಣ್ಣನ್ನು ಒಂದಂಗುಲ ಕೆದಕಿ ನೋಡಿ, ಒದ್ದೆಯಿದ್ದರೆ ನೀರು ಹಾಕದೆ ಕುಂಡವನ್ನು ತಂಪಾದ ಕಡೆಗೆ ಸರಿಸಿ, ಸುತ್ತಲಿನ ನೆಲಕ್ಕೆ ನೀರು ಚಿಮುಕಿಸಿ. ಸಂಜೆಗೆ ಎಲೆ ತಾನಾಗಿ ಚೇತರಿಸಿಕೊಂಡರೆ ಬೇರು ಆರೋಗ್ಯವಾಗಿದೆ ಎಂದರ್ಥ.

ಹೂವಿನ ವಿಷಯದಲ್ಲಿ ಹೆಚ್ಚು ಭರವಸೆ ಕೊಡಲಾರೆ. 15ರಿಂದ 24 ಡಿಗ್ರಿ ಸೆಲ್ಸಿಯಸ್ ಈ ಗಿಡಕ್ಕೆ ಹಿತ. 30 ಡಿಗ್ರಿಯ ಆಸುಪಾಸಿನ ಬಿಸಿ ವಾರಗಟ್ಟಲೆ ಇದ್ದರೆ ಸಾಮಾನ್ಯ ತಳಿಗಳು ಹೂ ನಿಲ್ಲಿಸುತ್ತವೆ. ಮಡಿಕೇರಿಗಿಂತ ತಗ್ಗಿನಲ್ಲಿರುವ ನಿಮ್ಮಲ್ಲಿ ಟ್ರೈಫಿಲ್ಲಾ ಗುಂಪಿನ ತಳಿಗಳನ್ನು ಬೆಳೆಸುವುದು ಜಾಣತನ. ಫ್ರೆಂಚ್ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಪ್ಲುಮಿಯೆ ಕೆರಿಬಿಯನ್ನಿನ ಹಿಸ್ಪಾನಿಯೋಲಾ ದ್ವೀಪದಲ್ಲಿ ಕಂಡು, 1703ರಲ್ಲಿ ಪ್ರಕಟಿಸಿದ ಮೊದಲ ಫ್ಯೂಷಿಯಾವೇ ಈ ಗುಂಪಿನ ಮೂಲ. ಬಿಸಿಯನ್ನು ತಾಳುವ ಗುಣ ಅಲ್ಲಿಂದ ಬಂದದ್ದು. (ಹೆಸರಿಗೆ ಕಾರಣನಾದ ಜರ್ಮನ್ ವೈದ್ಯ ಲಿಯೊನಾರ್ಟ್ ಫುಕ್ಸ್ 1566ರಲ್ಲೇ ತೀರಿಕೊಂಡಿದ್ದ, ಈ ಹೂವನ್ನು ಅವನು ನೋಡಿದವನೇ ಅಲ್ಲ.) ನರ್ಸರಿಯಲ್ಲಿ ‘ಗಾರ್ಟನ್‌ಮೈಸ್ಟರ್ ಬೊನ್‌ಸ್ಟೆಡ್ಟ್’ ತಳಿಯನ್ನು ವಿಚಾರಿಸಿ: ಉದ್ದ ಕೊಳವೆಯಂಥ ಕಿತ್ತಳೆಗೆಂಪು ಹೂ, ಅಡಿಭಾಗ ನೇರಳೆಗೆಂಪಾಗಿರುವ ಎಲೆ. ಜುಮಕಿಯಂತೆ ತೂಗುವ ಎರಡು ಬಣ್ಣದ ಹೂವೇ ಬೇಕೆಂಬ ಹಟವಿದ್ದರೆ ಮಾರ್ಚ್‌, ಏಪ್ರಿಲ್‌ಗಳಲ್ಲಿ ಗಿಡಕ್ಕೆ ಬಿಡುವು ಕೊಡಬೇಕಾಗುತ್ತದೆ.

ಪ್ರಶ್ನೆ: ಕೊಂಬೆಗಳು ಬೋಳಾಗಿ ಉದ್ದಕ್ಕೆ ಬೆಳೆದು, ತುದಿಯಲ್ಲಿ ಮಾತ್ರ ಹೂ ಬಿಡುತ್ತವೆ. ಕತ್ತರಿಸಬಹುದೇ? ಯಾವಾಗ?
– ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಧಾರಾಳವಾಗಿ ಕತ್ತರಿಸಬಹುದು. ಕಾಫಿ ಗಿಡ ಹಿಂದಿನ ವರ್ಷದ ರೆಕ್ಕೆಯಲ್ಲಿ (ಅಡ್ಡಕೊಂಬೆಯಲ್ಲಿ) ಹೂ ಬಿಟ್ಟರೆ ಫ್ಯೂಷಿಯಾ ಹೊಸ ಚಿಗುರಿನಲ್ಲಿ ಬಿಡುತ್ತದೆ. ಕತ್ತರಿ ಹಾಕಲು ಅಂಜುವ ತೋಟಗಾರರಿಗೆ ಈ ವ್ಯತ್ಯಾಸ ತಿಳಿದಿರಬೇಕು. ಮಳೆಗೆ ಮುನ್ನ ಕತ್ತರಿಸಿದರೆ ಎಳೆಚಿಗುರು ಜುಲೈಯ ಥಂಡಿಯಲ್ಲಿ ಕೊಳೆಯುತ್ತದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ಹಿಡಿತಕ್ಕೆ ಬಂದ ಮೇಲೆ ಪ್ರತಿ ಕೊಂಬೆಯನ್ನೂ ಮೂರನೆಯ ಒಂದು ಭಾಗದಷ್ಟು ಕತ್ತರಿಸಿ, ಬಂದ ಚಿಗುರಿನಲ್ಲಿ ಮೂರು ಜೊತೆ ಎಲೆಗಳಾದಾಗ ತುದಿಯನ್ನು ಚಿವುಟಿ. ಕೊನೆಯ ಬಾರಿ ಚಿವುಟಿದ ಆರರಿಂದ ಎಂಟು ವಾರಗಳಲ್ಲಿ ಒಂದೇ ಸುತ್ತು ಪಕಳೆಯ ತಳಿಗಳು ಹೂ ಬಿಡುತ್ತವೆ, ಆದ್ದರಿಂದ ನವೆಂಬರ್–ಡಿಸೆಂಬರ್‌ನ ಸುಗ್ಗಿಹಬ್ಬ ಹುತ್ತರಿಯ ಹೊತ್ತಿಗೆ ಹೂವು ಬೇಕೆನ್ನುವವರು ಅಕ್ಟೋಬರ್ ಮೊದಲ ವಾರದ ನಂತರ ಚಿವುಟಬಾರದು. ಕತ್ತರಿಸಿ ತೆಗೆದ ಎಳೆಯ ತುದಿಗಳನ್ನು ಮೂರು ಅಂಗುಲಕ್ಕೆ ತುಂಡರಿಸಿ, ಕೆಳಗಿನ ಎಲೆಗಳನ್ನು ಬಿಡಿಸಿ, ಮರಳು ಬೆರೆಸಿದ ಮಣ್ಣು ತುಂಬಿದ ಕಾಫಿ ನರ್ಸರಿಯ ಪಾಲಿಥೀನ್ ಚೀಲಗಳಲ್ಲಿ ನೆಟ್ಟರೆ ಮೂರು ನಾಲ್ಕು ವಾರಗಳಲ್ಲಿ ಬೇರೊಡೆಯುತ್ತವೆ.