ಹೊಸ ಕಾರು ಘಾಟಿಯಲ್ಲಿ ಪದೇ ಪದೇ ಕೈಕೊಡುತ್ತಿದೆ, ಶೋರೂಮಿನವರು ಸರಿ ಮಾಡುತ್ತಿಲ್ಲ. ಕಾನೂನಿನಲ್ಲಿ ದಾರಿ ಇದೆಯಾ?

ನಿಮ್ಮದು ಹನ್ನೊಂದು ಲಕ್ಷದ ಕಾರು, ಕೊಂಡು ಹದಿನಾಲ್ಕು ತಿಂಗಳು. ಕುಂದಾಪುರದಿಂದ ವಾಪಸ್ ಬರುವಾಗ ಹುಲಿಕಲ್ ಘಾಟಿಯಲ್ಲಿ ಎಂಜಿನ್ ಲೈಟ್ ಹತ್ತಿಕೊಳ್ಳುತ್ತದೆ, ಎಳೆತವೇ ಇರುವುದಿಲ್ಲ. ಶಿವಮೊಗ್ಗದ ಶೋರೂಮಿಗೆ ಆರು ಸಲ ಒಯ್ದಿದ್ದೀರಿ. ಆರು ಸಲವೂ ಲೈಟ್ ಆರಿಸಿ 'ಸರಿಯಾಗಿದೆ ಸರ್' ಅಂತ ಕಳಿಸಿದ್ದಾರೆ. ಅಮೆರಿಕದಲ್ಲಿ ಇದಕ್ಕೆಂದೇ ಕಾನೂನು ಇದೆಯಂತೆ, ನಮ್ಮಲ್ಲಿ ಇಲ್ವಾ ಅಂತ ಕೇಳಿದ್ದೀರಿ.

ನಾನು ವಕೀಲನಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವನು. ಇಂಥದ್ದೇ ಒಂದು ಕಾರು ತಗೊಂಡು ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದವನು.

ಅಮೆರಿಕದವರು ಪದೇ ಪದೇ ಕೆಡುವ ಕಾರಿಗೆ 'ಲೆಮನ್', ಅಂದರೆ ನಿಂಬೆಹಣ್ಣು ಅನ್ನುತ್ತಾರೆ. 1982ರಲ್ಲಿ ಕನೆಕ್ಟಿಕಟ್ ರಾಜ್ಯ ಮೊದಲು 'ಲೆಮನ್ ಲಾ' ತಂದಿತು. ಇಷ್ಟು ಸಲ ರಿಪೇರಿಗೆ ಕೊಟ್ಟರೂ ಸರಿಯಾಗದಿದ್ದರೆ ಕಾರು ಬದಲಿಸಬೇಕು ಇಲ್ಲವೇ ದುಡ್ಡು ವಾಪಸ್ ಕೊಡಬೇಕು ಅನ್ನುವ ಲೆಕ್ಕ ಅಲ್ಲಿದೆ. ನಾವು ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹೊಸ ಕಾರು ಹೊರಡಿಸುವ ಜನ. ನಿಂಬೆಹಣ್ಣು ಇದೆ, ಆ ಕಾನೂನು ಇಲ್ಲ. ನಮಗಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದು ಕೆಲಸಕ್ಕೆ ಬರುತ್ತದೆ. ಆದರೆ ಎಷ್ಟು ಸಲ ಕೆಟ್ಟರೆ ಹೊಸ ಕಾರು ಅನ್ನುವ ಲೆಕ್ಕ ಅದರಲ್ಲಿಲ್ಲ. ದೋಷ ಇದೆ ಅಂತ ನೀವೇ ತೋರಿಸಬೇಕು.

ನನ್ನ ಪಾಡು ಕೇಳಿ. ನನ್ನ ಕಾರಿನೊಳಗೆ ಮಳೆನೀರು ಬರುತ್ತಿತ್ತು. ಜುಲೈನಲ್ಲಿ ಒಂದು ದಿನ ಪಕ್ಕದ ಸೀಟಿನ ಮುಂದಿನ ಮ್ಯಾಟ್ ಎತ್ತಿದರೆ ಕೆಳಗಿನ ಫೋಮು ಹಿಂಡುವಷ್ಟು ಒದ್ದೆ. ಕಾರಿನ ತುಂಬ ನೆನೆದ ಕಂಬಳಿಯ ವಾಸನೆ. ಶೋರೂಮಿನವರು ಪೈಪ್ ಹಿಡಿದು ಐದು ನಿಮಿಷ ನೀರು ಬಿಟ್ಟು, 'ಎಲ್ಲೂ ಸೋರ್ತಿಲ್ಲ' ಅಂದರು. ನಮ್ಮ ಮಳೆ ಐದು ನಿಮಿಷಕ್ಕೆ ನಿಲ್ಲುತ್ತದಾ? ಹೀಗೆ ಐದು ಸಲ ಓಡಾಡಿದೆ. ಕೇಸು ಹಾಕಿದ ಮೇಲೆ ಆ ಕಡೆಯ ವಕೀಲರು ನನ್ನ ಜಾಬ್ ಕಾರ್ಡುಗಳನ್ನೇ, ಅಂದರೆ ಕಾರು ಬಿಡುವಾಗ ನಮ್ಮ ದೂರು ಬರೆದುಕೊಂಡು ಸಹಿ ಹಾಕಿಸಿಕೊಳ್ಳುವ ಚೀಟಿಗಳನ್ನೇ, ತೆಗೆದು ತೋರಿಸಿದರು. ಮೊದಲ ಮೂರರಲ್ಲಿ 'ವಾಷಿಂಗ್, ಜನರಲ್ ಚೆಕಪ್' ಅಂತ ಇತ್ತು, ಕೆಳಗೆ ನನ್ನದೇ ಸಹಿ. ನೀರು ಅನ್ನುವ ಶಬ್ದವೇ ಇರಲಿಲ್ಲ. ಆ ಮೂರು ಸಲದ ಓಡಾಟ ಲೆಕ್ಕಕ್ಕೇ ಬರಲಿಲ್ಲ.

ಹಾಗಾಗಿ ವಕೀಲರನ್ನು ಹುಡುಕುವ ಮೊದಲು ಏಳನೇ ಸಲ ಶೋರೂಮಿಗೆ ಹೋಗಿ. ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಲ್ಲೇ ಬರೆಸಿ: ಎಲ್ಲಿ, ಎಷ್ಟನೇ ಗೇರಿನಲ್ಲಿ, ಎಷ್ಟು ಕಿಲೋಮೀಟರ್ ಓಡಿದಾಗ, ಇದು ಎಷ್ಟನೇ ಸಲ. ಅವರು ಬರೆಯದಿದ್ದರೆ ಸಹಿ ಪಕ್ಕದಲ್ಲಿ ನೀವೇ ಪೆನ್ನಲ್ಲಿ ಬರೆದು ಫೋಟೊ ತೆಗೆದುಕೊಳ್ಳಿ. ಮನೆಗೆ ಬಂದು ಅದನ್ನೇ ಕಂಪನಿಗೆ ಇಮೇಲ್ ಮಾಡಿ. ಇನ್ನೊಂದು ಮಾತು, ಲೈಟ್ ಆರಿಸಲು ಬಿಡಬೇಡಿ. ಆರಿಸುವುದೆಂದರೆ ಏನು ತೊಂದರೆ ಅಂತ ಕಾರಿನ ಕಂಪ್ಯೂಟರ್ ಗುರುತು ಹಾಕಿಟ್ಟ ಕೋಡ್ ಅಳಿಸುವುದು. ತೊಂದರೆ ಬಂದ ಹೊತ್ತಿಗೆ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ವೇಗದಲ್ಲಿ ತಿರುಗುತ್ತಿತ್ತು ಅನ್ನುವುದೂ ಅದರ ಜೊತೆಗೇ ಇರುತ್ತದೆ, ಎಲ್ಲ ಹೋಗುತ್ತದೆ. ಮೊದಲು ಸ್ಕ್ಯಾನ್ ರಿಪೋರ್ಟಿನ ಪ್ರಿಂಟ್ ಕೇಳಿ. ಸಪಾಟು ರಸ್ತೆಯಲ್ಲಿ ಓಡಿಸಿ 'ಏನೂ ಇಲ್ಲ' ಅಂದರೆ ಅದನ್ನೂ ಬರೆದು ಕೊಡಿ ಅನ್ನಿ. ಕೈಗೆ ಬರೆದುಕೊಡಿ ಅಂದ ಕೂಡಲೇ ಮಾತಿನ ಧಾಟಿ ಬದಲಾಗುತ್ತದೆ, ನೋಡಿ.

ಅಷ್ಟಾದರೂ ಆಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕಂಪನಿಯ ಗಮನಕ್ಕೆ ತರುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಆಮೇಲೆ ಡೀಲರ್ ಮತ್ತು ತಯಾರಕ ಕಂಪನಿ ಇಬ್ಬರಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್. ಕೇಸಿನಲ್ಲೂ ಇಬ್ಬರನ್ನೂ ಸೇರಿಸಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗಕ್ಕೇ ಹೋಗಬಹುದು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ನಿಮ್ಮದು 10ರಿಂದ 20 ಲಕ್ಷದ ನಡುವೆ, ಹಾಗಾಗಿ 400 ರೂಪಾಯಿ. ಬಿಲ್ಲಿನ ಕೆಳಗೆ ಯಾವುದೋ ದೂರದ ಊರಿನ ಕೋರ್ಟಿಗೇ ಬರಬೇಕು ಅಂತ ಅಚ್ಚಾಗಿರುತ್ತದಲ್ಲ, ಅದಕ್ಕೆ ಹೆದರಬೇಡಿ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಅಂತ ಕಾಯ್ದೆಯೇ ಹೇಳುತ್ತದೆ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ವಕೀಲರು ಕಡ್ಡಾಯ ಅಲ್ಲ, ಆದರೂ ಕಾರು ಕಂಪನಿಯ ಎದುರು ಒಬ್ಬರಿದ್ದರೆ ಒಳ್ಳೆಯದು. ಹಳದಿ ಬೋರ್ಡಿನ ಕಾರಾದರೂ ಹೊಟ್ಟೆಪಾಡಿಗೆ ಸ್ವತಃ ಓಡಿಸುವವರು ಗ್ರಾಹಕರೇ.

ಕಷ್ಟ ಇರುವುದು ತಜ್ಞರ ವರದಿಯಲ್ಲಿ. ತಯಾರಿಕೆಯಲ್ಲೇ ದೋಷ ಅಂತ ನೀವು ಹೇಳಿದರೆ ಸಾಲದು, ಗೊತ್ತಿರುವವರು ಪರೀಕ್ಷೆ ಮಾಡಿ ಹೇಳಬೇಕು. ಪರೀಕ್ಷೆ ಮಾಡಿಸಿ ಅಂತ ಆಯೋಗಕ್ಕೇ ಅರ್ಜಿ ಕೊಡಿ, ಖರ್ಚು ನೀವು ಕಟ್ಟಬೇಕಾಗಬಹುದು. ಪರೀಕ್ಷೆ ಬೇಕಾದ ಕೇಸು ಐದು ತಿಂಗಳಲ್ಲಿ ಮುಗಿಯಬೇಕು ಅಂತ ಕಾಯ್ದೆಯಲ್ಲಿದೆ. ನನ್ನದು ಎರಡು ಮಳೆಗಾಲ ದಾಟಿತು.

ಹೊಸ ಕಾರು ಸಿಗುತ್ತದಾ? ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ವಾರಂಟಿ ಅಂದರೆ ಕೆಟ್ಟ ಭಾಗ ಬದಲಿಸುವುದು, ಇಡೀ ಕಾರನ್ನಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಕ್ಲಚ್ಚಿನ ಕೇಸೊಂದರಲ್ಲಿ ಹೇಳಿದೆ. ಕಂಪನಿಗಳ ವಕೀಲರು ಇವತ್ತಿಗೂ ಅದನ್ನೇ ಎತ್ತುತ್ತಾರೆ. ಆದರೆ 2022ರಲ್ಲಿ, ಅಪಘಾತದ ಹೊತ್ತಿಗೆ ಏರ್‌ಬ್ಯಾಗ್ ಬಿಚ್ಚದ ಕಾರನ್ನು ಬದಲಿಸಿ ಕೊಡಬೇಕು ಅನ್ನುವ ಆದೇಶವನ್ನು ಅದೇ ಕೋರ್ಟ್ ಎತ್ತಿಹಿಡಿಯಿತು. ಜೀವಕ್ಕೆ ಅಪಾಯ ಇದೆಯಾ ಅನ್ನುವುದು ತೂಗುತ್ತದೆ ಅಂತ ನನಗನ್ನಿಸುತ್ತದೆ. ತಿರುವಿನಲ್ಲಿ, ಹಿಂದೆ ಲಾರಿ ಇರುವಾಗ ಎಳೆತ ಹೋಗುವುದು ಸಣ್ಣ ವಿಷಯ ಅಲ್ಲ. ದೂರಿನಲ್ಲಿ ಇದನ್ನು ಬಿಡಿಸಿ ಬರೆಯಿರಿ. ಹೊಸ ಕಾರು, ಅದಾಗದಿದ್ದರೆ ದುಡ್ಡು, ಅದೂ ಆಗದಿದ್ದರೆ ಪೂರ್ತಿ ರಿಪೇರಿ ಮತ್ತು ಪರಿಹಾರ, ಹೀಗೆ ಮೂರನ್ನೂ ಕೇಳಿ. ನಾನು ಹೊಸ ಕಾರು ಕೇಳಿದ್ದೆ. ಸಿಕ್ಕಿದ್ದು ಬಿಟ್ಟಿ ರಿಪೇರಿ, 40 ಸಾವಿರ ರೂಪಾಯಿ. ಕಾರು ಈಗ ಸೋರುವುದಿಲ್ಲ.

ಅದೇ ಮಾಡೆಲಿನ ಬೇರೆಯವರಿಗೂ ಇದೇ ತೊಂದರೆ ಇದೆಯಾ, ವಿಚಾರಿಸಿ. ಅಪಾಯದ ದೋಷದ ಬಗ್ಗೆ ಸಾಕಷ್ಟು ದೂರು ಬಂದರೆ ಕಾರುಗಳನ್ನು ವಾಪಸ್ ಕರೆಸಿ ಸರಿಮಾಡಿ ಅಂತ ಕಂಪನಿಗೆ ಹೇಳುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ, ಮೋಟಾರು ವಾಹನ ಕಾಯ್ದೆಯ 110ಎ ಕಲಮಿನಲ್ಲಿ.

ದೂರು ಕೊಡಲು ಎರಡು ವರ್ಷದ ಗಡುವು. ಕೊಂಡ ದಿನದಿಂದಲೇ ಎಣಿಸಿಕೊಂಡರೆ ಕ್ಷೇಮ, ನಿಮಗೆ ಇನ್ನು ಹತ್ತು ತಿಂಗಳಿದೆ. ಅಲ್ಲಿಯವರೆಗೆ ಸರ್ವಿಸ್ ತಪ್ಪಿಸಬೇಡಿ, ಹೊರಗೆ ವೈರಿಂಗ್ ಕತ್ತರಿಸಿ ಮ್ಯೂಸಿಕ್ ಸಿಸ್ಟಮ್ ಹಾಕಿಸಬೇಡಿ. ಸುಮ್ನೆ ಅವರಿಗೊಂದು ನೆಪ ಸಿಗುತ್ತದೆ. ಹಳೆ ಜಾಬ್ ಕಾರ್ಡು ಕಳೆದಿದ್ದರೆ ಚಿಂತೆ ಬೇಡ. ಕಾರಿನ ನಂಬರ್ ಹೇಳಿ ಪೂರ್ತಿ ಸರ್ವಿಸ್ ಹಿಸ್ಟರಿ ಕೇಳಿ, ಶೋರೂಮಿನ ಕಂಪ್ಯೂಟರಿನಲ್ಲಿ ಇರುತ್ತದೆ. ನೋಟಿಸ್ ಕಳಿಸುವ ಮೊದಲೇ ಕೇಳಿ. ಆಮೇಲೆ ಕೇಳಿದರೆ 'ಸಿಸ್ಟಮ್ ಡೌನ್ ಸರ್' ಅನ್ನುತ್ತಾರೆ.