ಮೊದಲ ಇಟಾಲಿಯನ್ ಬ್ರೆಡ್: ಚಬಾಟ್ಟಾಕ್ಕಿಂತ ಮುಂಚೆ ಫೊಕಾಚ್ಚಾ

ಪ್ರಶ್ನೆ: ಮನೆಯಲ್ಲಿ ಮೊದಲ ಬಾರಿಗೆ ಇಟಲಿಯ ಚಬಾಟ್ಟಾ ಬ್ರೆಡ್ ಮಾಡಲು ಹೋಗಿ ಸೋತಿದ್ದೇನೆ. ಅರ್ಧ ಕಿಲೋ ಮೈದಾಕ್ಕೆ 400 ಮಿ.ಲೀ. ನೀರು, ಒಂದು ದೊಡ್ಡ ಚಮಚ ಇನ್‌ಸ್ಟಂಟ್ ಯೀಸ್ಟ್ ಹಾಕಿ ಕಲಸಿದೆ. ಹಿಟ್ಟು ಕೈಗೆಲ್ಲ ಮೆತ್ತಿಕೊಂಡದ್ದರಿಂದ ಇನ್ನೊಂದು ಬಟ್ಟಲು ಮೈದಾ ಸೇರಿಸಿ ನಾದಿದೆ. ಒಂದು ಗಂಟೆ ಬಿಟ್ಟು, ಒಟಿಜಿ ಓವನ್ನಿನಲ್ಲಿ 180 ಡಿಗ್ರಿಯಲ್ಲಿ 40 ನಿಮಿಷ ಬೇಯಿಸಿದೆ. ಮೇಲ್ಭಾಗ ಬಿಳಿಚಿಕೊಂಡು ಗಟ್ಟಿಯಾಯಿತು, ಒಳಗೆ ಹಸಿಹಸಿಯಾಗಿತ್ತು, ದೊಡ್ಡ ರಂಧ್ರಗಳ ಸುಳಿವೇ ಇರಲಿಲ್ಲ. ತಪ್ಪು ಹಿಟ್ಟಿನದೋ, ನನ್ನದೋ? ಮೈದಾ ಬದಲು ಗೋಧಿ ಹಿಟ್ಟು ಬಳಸಬಹುದೇ? ಫ್ಲಾರೆನ್ಸಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗ, ಅಲ್ಲಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ ಎನ್ನುತ್ತಾನೆ. ಹಾಗಾದರೆ ನಾನೂ ಉಪ್ಪು ಬಿಡಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಪ್ಪು ಹೆಚ್ಚಾಗಿ ಆಯ್ಕೆಯದು. ಚಬಾಟ್ಟಾ ಎಂದರೆ ಇಟಾಲಿಯನ್ ಭಾಷೆಯಲ್ಲಿ ಮನೆಯೊಳಗೆ ಮೆಟ್ಟುವ ಚಪ್ಪಲಿ. ಆಕಾರದಿಂದ ಬಂದ ಹೆಸರು ಅದು. ಹಳ್ಳಿಯ ಅಜ್ಜಿಯರಿಂದ ಬಂದ ಬ್ರೆಡ್ ಎಂದು ಅನೇಕರು ನಂಬಿದ್ದಾರೆ. ಆದರೆ ವೆನಿಸ್ ಸೀಮೆಯ ಆದ್ರಿಯಾ ಎಂಬ ಊರಿನ ಹಿಟ್ಟಿನ ಗಿರಣಿಯ ಯಜಮಾನ ಆರ್ನಾಲ್ಡೊ ಕವಲ್ಲಾರಿ, ಫ್ರಾನ್ಸಿನ ಉದ್ದನೆಯ ಬ್ರೆಡ್ಡಾದ ಬಗೆತ್‌ಗೆ ಪ್ರತಿಯಾಗಿ ಅದನ್ನು ರೂಪಿಸಿದ್ದು 1982ರಲ್ಲಿ. ಗಟ್ಟಿ ಅಂಟಿನ ಹಿಟ್ಟು ಕೈಯಲ್ಲಿದ್ದ ವೃತ್ತಿಪರನೊಬ್ಬ ಕಟ್ಟಿದ, ನೀರು ವಿಪರೀತವಾಗಿರುವ ಹಿಟ್ಟು ಅದು. ಮೊದಲ ಸಲಕ್ಕೆ ಅಷ್ಟು ಒಳ್ಳೆಯದಲ್ಲ. ಹಿಟ್ಟು ಮೆತ್ತಿಕೊಂಡಾಗ ನೀವು ಸೇರಿಸಿದ ಒಂದು ಬಟ್ಟಲು ಮೈದಾ ಸುಮಾರು 130 ಗ್ರಾಂ ಆಗುತ್ತದೆ. ಹಿಟ್ಟಿನ ತೂಕಕ್ಕೆ ಶೇ. 80ರಷ್ಟಿದ್ದ ನೀರು ಅದರಿಂದ ಶೇ. 63ಕ್ಕೆ ಇಳಿಯಿತು. ದೊಡ್ಡ ರಂಧ್ರಗಳು ಅಲ್ಲಿಗೇ ಮುಗಿದವು.

ಹಾಗೆಂದು ಅಂಟುವ ಹಿಟ್ಟನ್ನು ಕಂಡು ಹೆದರಬೇಕಿಲ್ಲ. ಹೋಳಿಗೆಗೆ ಕಣಕ ಕಲಸುವವರಿಗೆ ಇದರ ಗುಟ್ಟು ಆಗಲೇ ಗೊತ್ತಿದೆ. ಕಲಸಿದ ಕೂಡಲೇ ಕೈ ಬಿಡದ ಕಣಕ, ಎಣ್ಣೆ ಸವರಿ ಎರಡು ಗಂಟೆ ಮುಚ್ಚಿಟ್ಟರೆ ರಬ್ಬರಿನಂತೆ ಎಳೆ ಬರುತ್ತದೆ. ನೀರು ಕುಡಿದ ಗೋಧಿಯ ಪ್ರೋಟೀನುಗಳು ಯಾರೂ ನಾದದೆಯೇ ಒಂದಕ್ಕೊಂದು ಹೆಣೆದುಕೊಂಡು ಜಾಲವಾಗುತ್ತವೆ, ಯೀಸ್ಟ್ ಬಿಡುವ ಅನಿಲವನ್ನು ಹಿಡಿದಿಡುವುದು ಆ ಜಾಲವೇ. ಇಟಲಿಯ ಬ್ರೆಡ್ಡಿನಲ್ಲಿಯೂ ತೋಳಿನ ಬಲಕ್ಕಿಂತ ನೀರು ಮತ್ತು ಕಾಲವೇ ಹೆಚ್ಚು ಕೆಲಸ ಮಾಡುತ್ತವೆ.

ಆದುದರಿಂದ ಮೊದಲು ಇಟಲಿಯ ಜಿನೋವಾ ನಗರದ, ಫೊಕಾಚ್ಚಾ ಎಂಬ ಚಪ್ಪಟೆ ಬ್ರೆಡ್ ಮಾಡಿ. ಅದನ್ನು ಕೈಯಲ್ಲಿ ರೂಪಿಸುವ ಕಷ್ಟವಿಲ್ಲ, ಟ್ರೇಯೇ ಅದಕ್ಕೆ ಆಕಾರ ಕೊಡುತ್ತದೆ. 500 ಗ್ರಾಂ ಮೈದಾ, 350 ಮಿ.ಲೀ. ನೀರು, 10 ಗ್ರಾಂ ಉಪ್ಪು, 3 ಗ್ರಾಂ ಅಂದರೆ ಒಂದು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್ ಮತ್ತು ಎರಡು ದೊಡ್ಡ ಚಮಚ ಆಲಿವ್ ಎಣ್ಣೆಯನ್ನು, ಒಣಹಿಟ್ಟು ಕಾಣದಷ್ಟು ಮಾತ್ರ ಬೆರೆಸಿ ಮುಚ್ಚಿಡಿ. ಲೋಟ ಚಮಚಗಳ ಅಳತೆ ಬಿಟ್ಟು ತೂಕದ ಯಂತ್ರ ಬಳಸಿ. ಅಡುಗೆಮನೆಗೆ ಇದಕ್ಕಿಂತ ಒಳ್ಳೆಯ ಖರ್ಚು ಬೇರೆ ನನಗೆ ತೋಚದು. ಅರ್ಧ ಗಂಟೆಗೊಮ್ಮೆ, ನಾಲ್ಕು ಬಾರಿ, ಒದ್ದೆ ಕೈಯಿಂದ ಹಿಟ್ಟಿನ ಒಂದೊಂದು ಅಂಚನ್ನು ಎಳೆದು ಮಧ್ಯಕ್ಕೆ ಮಡಚಿ. ನಾಲ್ಕನೆಯ ಸಲಕ್ಕೆ ಅದು ಪಾತ್ರೆಯಿಂದ ಇಡಿಯಾಗಿ ಎದ್ದು ಬರುವುದನ್ನು ನೀವೇ ಕಾಣುವಿರಿ. ಆಮೇಲೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ನೀವು ಹಾಕಿದ ದೊಡ್ಡ ಚಮಚ ಯೀಸ್ಟ್ ಇದರ ಮೂರು ಪಟ್ಟು. ನಮ್ಮ ಸೆಕೆಗೆ ಅದು ಗಂಟೆಯೊಳಗೆ ಹಿಟ್ಟನ್ನು ಉಬ್ಬಿಸುತ್ತದೆ, ರುಚಿ ಬರಲು ಪುರಸೊತ್ತು ಕೊಡುವುದಿಲ್ಲ.

ಬೆಳಗ್ಗೆ ಟ್ರೇಗೆ ಧಾರಾಳವಾಗಿ ಎಣ್ಣೆ ಹಾಕಿ ಹಿಟ್ಟನ್ನು ಅದರಲ್ಲಿ ಹರಡಿ, ಅದು ಮೆತ್ತಗಾಗಿ ಗುಳ್ಳೆಗಳಿಂದ ತುಂಬುವವರೆಗೆ ಕಾಯಿರಿ. ಬೇಸಿಗೆಯಲ್ಲಿ ಎರಡು ಗಂಟೆ ಸಾಕಾದೀತು, ಮಳೆಗಾಲದಲ್ಲಿ ಮೂರೂವರೆ ಬೇಕಾದೀತು. ಗಡಿಯಾರ ನೋಡದೆ ಹಿಟ್ಟನ್ನು ನೋಡಿ. ನಂತರ ಬೆರಳುಗಳನ್ನು ಟ್ರೇಯ ತಳ ತಾಗುವಷ್ಟು ಒತ್ತಿ ಗುಳಿ ಮಾಡಿ, 50 ಮಿ.ಲೀ. ನೀರು, ಎರಡು ದೊಡ್ಡ ಚಮಚ ಎಣ್ಣೆ, ಅರ್ಧ ಟೀ ಚಮಚ ಉಪ್ಪನ್ನು ಕಲಕಿ ಮೇಲೆ ಸುರಿಯಿರಿ. ಜಿನೋವಾದವರು ಫೊಕಾಚ್ಚಾದ ಮೇಲೆ ಹೀಗೆಯೇ ಉಪ್ಪುನೀರು ಹೊಯ್ಯುತ್ತಾರೆ. ಗುಳಿಗಳಲ್ಲಿ ನಿಂತ ನೀರಿನಿಂದ ಒಳಭಾಗ ಒದ್ದೆಯಾಗಿ ಉಳಿದು, ಅಂಚು ಗರಿಗರಿಯಾಗುತ್ತದೆ. ಅಲ್ಲಿಯವರು ಇದನ್ನು ಬೆಳಗಿನ ಹಾಲುಕಾಫಿಗೆ ಅದ್ದಿ ತಿನ್ನುವುದೂ ಉಂಟು.

180 ಡಿಗ್ರಿ ಕೇಕಿನ ಬಿಸಿ, ಬ್ರೆಡ್ಡಿನದಲ್ಲ. ನಿಮ್ಮ ಓವನ್ನಿನ ಎರಡೂ ಕಾಯಿಲ್‌ಗಳನ್ನು ಹಾಕಿ 230 ಡಿಗ್ರಿಗೆ ಕನಿಷ್ಠ 20 ನಿಮಿಷ ಕಾಯಿಸಿ, ಆಮೇಲೆ ಟ್ರೇ ಇಟ್ಟು 20ರಿಂದ 25 ನಿಮಿಷ, ಮೇಲ್ಮೈ ನಿಜವಾಗಿ ಕಂದಾಗುವವರೆಗೆ ಬೇಯಿಸಿ. ಕಡಿಮೆ ಬಿಸಿಯಲ್ಲಿ ಹೆಚ್ಚು ಹೊತ್ತು ಇಟ್ಟರೆ ತೊಗಟೆ ಒಣಗಿ ಗಟ್ಟಿಯಾಗುತ್ತದೆ, ಬಣ್ಣ ಬರುವುದಿಲ್ಲ. ಹೊರತೆಗೆದ ಕೂಡಲೇ ಕೊಯ್ದರೂ ಒಳಗೆ ಹಸಿಯಾದಂತೆ ಕಾಣುತ್ತದೆ. ಕಾಲು ಗಂಟೆ ತಾಳಿ.

ಗೋಧಿ ಹಿಟ್ಟಿನ ವಿಷಯ: ಚಪಾತಿಗೆಂದು ಬೀಸಿದ ಹಿಟ್ಟಿನಲ್ಲಿ ಪ್ರೋಟೀನು ಕಡಿಮೆಯಿಲ್ಲ, ಆದರೆ ತೌಡು ಆ ಜಾಲವನ್ನು ಕತ್ತರಿಸುತ್ತದೆ, ಕಲ್ಲಿನಲ್ಲಿ ಜಜ್ಜಿದ ಪಿಷ್ಟ ನೀರನ್ನು ಹೀರಿ ಒಳಭಾಗವನ್ನು ಅಂಟಂಟಾಗಿಸುತ್ತದೆ. ಐದರಲ್ಲೊಂದು ಪಾಲಿಗಿಂತ ಹೆಚ್ಚು ಬೇಡ. ಮೈದಾ ಕೊಳ್ಳುವಾಗ ಪೊಟ್ಟಣದ ಹಿಂಬದಿಯಲ್ಲಿ 100 ಗ್ರಾಂಗೆ ಪ್ರೋಟೀನು 11 ಗ್ರಾಂ ಅಥವಾ ಮೇಲಿರುವುದನ್ನು ಆರಿಸಿ. ಇಟಲಿಯ ಪೊಟ್ಟಣಗಳ ಮೇಲಿನ ‘00’ ಹಿಟ್ಟಿನಲ್ಲಿ ತೌಡಿನ ಅಂಶ ಎಷ್ಟು ಕಡಿಮೆ ಎಂಬುದರ ಗುರುತು, ಹಿಟ್ಟಿನ ಬಲದ, ಅಂದರೆ ಪ್ರೋಟೀನಿನ, ಗುರುತಲ್ಲ. ಪುಲಿಯಾ ಪ್ರಾಂತದ ಅಲ್ತಮೂರಾ ಪಟ್ಟಣದ ಹೆಸರಾಂತ ಹಳದಿ ಬ್ರೆಡ್ ಮಾತ್ರ ಡುರಮ್ ಗೋಧಿಯದು. ನಮ್ಮ ಬನ್ಸಿ ರವೆಯೂ ಅದೇ ಜಾತಿಯ ಗೋಧಿಯಿಂದ ಬಂದದ್ದು. ಅದು ತರಿಯಾಗಿರುವುದರಿಂದ ಬ್ರೆಡ್ಡಿಗೆ ನೇರವಾಗಿ ಒದಗುವುದಿಲ್ಲ, ತಟ್ಟೆಗೆ ಅಂಟದಂತೆ ಅಡಿಯಲ್ಲಿ ಉದುರಿಸಲು ಚೆನ್ನಾಗಿದೆ.

ಫೊಕಾಚ್ಚಾ ಎರಡು ಬಾರಿ ಸರಿಯಾಗಿ ಬಂದ ಮೇಲೆ ಚಬಾಟ್ಟಾಕ್ಕೆ ಮರಳಿ. ಅದಕ್ಕೆ ಹಿಂದಿನ ದಿನವೇ ‘ಬೀಗಾ’ ಎಂಬ ಗಟ್ಟಿ ಹುದುಗು ಬೇಕು: 300 ಗ್ರಾಂ ಹಿಟ್ಟು, 150 ಮಿ.ಲೀ. ನೀರು, ಒಂದು ಚಿಟಿಕೆ ಯೀಸ್ಟ್ ಅನ್ನು ಪುಡಿಪುಡಿಯಾಗಿಯೇ ಬೆರೆಸಿ, ತಂಪಾದ ಕಡೆ ಇಡುವುದು.

ತಂಗಿಯ ಮಗ ಹೇಳಿದ್ದು ನಿಜ. ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತದ ಬ್ರೆಡ್ಡಿಗೆ ಉಪ್ಪಿಲ್ಲ. ಅದನ್ನು ಅಲ್ಲಿಯವರು ಉಪ್ಪು ಮುಂದಾದ ಮಾಂಸ, ಚೀಸ್‌ಗಳೊಡನೆ ತಿನ್ನುತ್ತಾರೆ. ಆದರೆ ಉಪ್ಪು ರುಚಿಯ ಜೊತೆಗೆ ಯೀಸ್ಟಿನ ಓಟಕ್ಕೂ ಕಡಿವಾಣ ಹಾಕುತ್ತದೆ, ಹಿಟ್ಟಿನ ಎಳೆಯನ್ನೂ ಬಿಗಿಗೊಳಿಸುತ್ತದೆ. ನೀವು 10 ಗ್ರಾಂ ಹಾಕಿಯೇ ಮಾಡಿ.